ಗುರುವಾರ, ಹತ್ತರಿಂದ ಹನ್ನೆರಡು

ಇದು ನಾನು, ಡೆಲ್ಫಿಯಾ ಕೋಮ್ಸ್.
ಬಾಗಿಲು ಹಾಕಿದ ಕಬ್ಬಿಣದಂಗಡಿಯ ಅಟ್ಟದಿಂದ ಮಾತಾಡುತ್ತಿದ್ದೇನೆ.
ನಮ್ಮ ರೇಡಿಯೋ ಗೋಪುರದ ಕೈ ಬಲು ಗಿಡ್ಡ,
ಆಚೆ ಗುಡ್ಡ ದಾಟಿದರೆ ನಾನು ಬರೀ ಗೊರಗೊರ.
ಈಚೆ, ಕೆಂಟಕಿಯ ಈ ಒಂದು ಕಣಿವೆಯೊಳಗೆ
ಪಾಳಿ ಮುಗಿಸಿ ಬೂಟು ಬಿಚ್ಚುತ್ತಿರುವವರಿಗೆ,
ನಿದ್ದೆಯ ಜೊತೆ ಠೂ ಬಿಟ್ಟವರಿಗೆ
ಈ ಎರಡು ಗಂಟೆ.

ಹಗಲು ನಾನು ಟಪಾಲಿನವಳು, ನಿಮಗೆ ಗೊತ್ತು.
ನಿಮ್ಮ ಕರೆಂಟು ಬಿಲ್ಲು, ಕೋರ್ಟಿನ ಕಾಗದ, ಗುಳಿಗೆ ಡಬ್ಬಿ
ಎಲ್ಲ ನನ್ನ ಕೈದಾಟಿಯೇ ಬಂದದ್ದು.
ರಾತ್ರಿ ನನ್ನ ಹೆಸರಿಗೆ ಬಂದದ್ದನ್ನು ಬಿಚ್ಚುತ್ತೇನೆ:
ಹಳೇ ಪೇಪರು ಸುತ್ತಿದ ಸೀಡಿ, ಮೇಲೆ ಮಾರ್ಕರಿನ ಸೊಟ್ಟ ಅಕ್ಷರ,
ಯಾವ ಕಂಪನಿಯ ಮೊಹರೂ ಇಲ್ಲ.

ಮೊದಲು ವರ್ಜಿಲ್ ಸ್ಟಿಡಮ್, ಟೈರು ಅಂಗಡಿಯ ಹುಡುಗ.
ಅಡುಗೆಮನೆಯಲ್ಲಿ ಕೂತು ಹಾಡಿದ್ದಾನೆ.
ಹಿಂದೆ ಫ್ರಿಜ್ಜು ಗುಂಯ್‌ಗುಡುತ್ತದೆ.
ಥೂ, ಅದನ್ನಾದರೂ ಆರಿಸಬಾರದಿತ್ತೇ ಅಂದುಕೊಂಡೆ.
ಮೂರನೇ ಸಲ ಕೇಳುವಾಗ ಹೊಳೆಯಿತು,
ಗಿಟಾರನ್ನು ಫ್ರಿಜ್ಜಿಗೇ ಶ್ರುತಿ ಮಾಡಿಕೊಂಡಿದ್ದಾನೆ ಕಳ್ಳ.
ಕೇಳಿ. ಅದು ನಿಂತಾಗ ಅವನೂ ಉಸಿರು ಹಿಡಿಯುತ್ತಾನೆ.

ಆಮೇಲೆ ಮಾರ್ಲಿಸ್ ಎಂಗೆಬ್ರೆಟ್ಸನ್, ಮಿನೆಸೋಟದವಳು,
ವೃದ್ಧರ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ.
ಅವಸರದಲ್ಲಿದ್ದರೆ ಇವಳನ್ನು ಕೇಳಬೇಡಿ.
ಒಂದು ಹಾಡಿನ ತುಂಬ ಬೆಳಗಿನ ಜಾವ ಮೂರಕ್ಕೆ
ಮಂಚಗಳಿಂದ ಬಂದ ಬೇಡಿಕೆಗಳು, ಅಷ್ಟೇ:
ನೀರು, ಕನ್ನಡಕ, ಕಿಟಕಿ ಮುಚ್ಚು,
ಎಂದೋ ಮಾರಿದ ಟ್ರಕ್ಕಿನ ಬೀಗದ ಕೈ.
ಕೊನೆಯ ಹಾಡು ಸುಮಾರು, ಸುಳ್ಳು ಹೇಳಲಾರೆ,
ಪ್ರಾಸಕ್ಕೆಂದು ಒಂದು ನದಿಯನ್ನು ಜುಟ್ಟು ಹಿಡಿದು ಎಳೆತಂದಿದ್ದಾಳೆ.
ಆದರೂ ಕೊಳ್ಳಿ. ಹತ್ತು ಡಾಲರು.
ಅವಳ ಕಾರಿಗೆ ಹೊಸ ಬ್ಯಾಟರಿ ಬೇಕಂತೆ.

ಮೂರನೆಯದು ತಲ್ಸಾದಿಂದ. ಕಳಿಸಿದವರ ವಿಳಾಸವಿಲ್ಲ.
ಸೀಡಿಯ ಮೇಲೆ ಬರೀ ಲವೀನಾ.
ಬ್ಯಾಂಜೋ ಒಂದೇ ಪಕ್ಕವಾದ್ಯ; ದನಿಯೋ
ಹೊಸ ಹಗ್ಗದ ಹಾಗೆ, ಹಿಡಿದರೆ ತರಚುತ್ತದೆ.

(ಒಳಗಿದ್ದ ಚೀಟಿಯನ್ನು ಮೈಕಿನಲ್ಲಿ ಓದಲಿಲ್ಲ:
ಯಾವುದು ಬೇಕಾದರೂ ಹಾಕಿ, ನಾಲ್ಕನೆಯದನ್ನು ಹಾಕಬೇಡಿ,
ಅಪ್ಪ ನಿಮ್ಮ ಗೋಪುರದ ಕೆಳಗೇ ಇರುವುದು.)

ನಾಲ್ಕನೆಯದನ್ನು ಹಾಕಲಿಲ್ಲ. ಮೊದಲನೆಯದನ್ನು ಹಾಕಿದೆ,
ಕೋಳಿಗೂಡಿನ ಹಾಡು, ಯಾರನ್ನೂ ನೋಯಿಸದ್ದು.
ಹನ್ನೊಂದೂ ನಲವತ್ತಕ್ಕೆ ಫೋನು ಬಡಿಯಿತು.
ಗುರುವಾರ ರಾತ್ರಿ ಇದು ಬಡಿಯುವುದೇ ಅಪರೂಪ,
ರಾಂಗ್ ನಂಬರಿಗೂ ನಾನು ಹೆಸರು ಕೇಳುತ್ತೇನೆ.
ಆತ ಹೆಸರು ಹೇಳಲಿಲ್ಲ. ಬೇಕೂ ಇರಲಿಲ್ಲ,
ಹದಿನಾರು ವರ್ಷ ಆ ಮನೆಯ ಡಬ್ಬಿಗೆ ಬಿಲ್ಲು ಹಾಕಿದವಳು ನಾನು,
ಬಿಲ್ಲು ಬಿಟ್ಟು ಬೇರೇನೂ ಹಾಕದವಳು.

ಐದನೇ ತಂತಿ ಕೊಂಚ ಇಳಿದಿದೆ, ಅಂದ.
ಬಹಳ ಹೊತ್ತು ಸುಮ್ಮನಿದ್ದ.
ಚಳಿಗೆ ಇಳಿಯುತ್ತದೆ ಅದು. ಚಿಕ್ಕಂದಿನಿಂದ ಹೇಳುತ್ತ ಬಂದೆ,
ತಗೊಂಡು ಬಂದ ಕೂಡಲೇ ನುಡಿಸಬಾರದು,
ಮರ ಸ್ವಲ್ಪ ಬೆಚ್ಚಗಾಗಬೇಕು.
ಮತ್ತೆ ಸುಮ್ಮನಾದ. ಆಮೇಲೆ,
ಬೇರೆ ಹಾಡೂ ಇವೆಯಾ ಅದರಲ್ಲಿ?

ಇವೆ, ಅಂದೆ.

ಅದಾಗಿ ಎಂಟು ದಿನ. ಸೀಡಿ ನನ್ನ ಟಪಾಲು ಚೀಲದ ತಳದಲ್ಲಿದೆ.
ಅಂಚೆಚೀಟಿ ಇಲ್ಲದ್ದನ್ನು ಡಬ್ಬಿಗೆ ಹಾಕುವಂತಿಲ್ಲ, ಕಾನೂನು.
ಚೀಟಿ ಕೊಂಡೆ, ಹಚ್ಚಿದೆ, ವಿಳಾಸವನ್ನೂ ಬರೆದೆ.
ಹಾಕಬೇಡಿ ಅಂದದ್ದು ರೇಡಿಯೋಗೆ, ಟಪಾಲಿಗಲ್ಲ,
ಎಂದು ಆ ಡಬ್ಬಿಯ ಮುಂದೆ ದಿನವೂ ಗಾಡಿ ನಿಲ್ಲಿಸಿ
ನನಗೆ ನಾನೇ ವಾದ ಹೂಡುತ್ತೇನೆ,
ದಿನವೂ ಸೋತು ಗೇರು ಹಾಕುತ್ತೇನೆ.

ಸರಿ. ಇದು ನಾನು, ಡೆಲ್ಫಿಯಾ, ಮತ್ತೆ ಗುರುವಾರ.
ಹೊಸ ಲಕೋಟೆಗಳು ಐದಿವೆ.
ಬಿಚ್ಚುವ ಮುಂಚೆ ತಲ್ಸಾಕ್ಕೊಂದು ಸುದ್ದಿ,
ಅಲ್ಲಿಗೆ ನನ್ನ ದನಿ ಮುಟ್ಟದು, ಗೊತ್ತು:
ಲವೀನಾ, ಐದನೇ ತಂತಿ ಕೊಂಚ ಇಳಿದಿದೆಯಂತೆ.