ಈ ಸ್ಥಳದಲ್ಲಿ

‘ಈ ಸ್ಥಳದಲ್ಲಿ’ ಎಂದು ಶುರುವಾಗುತ್ತದೆ ಕಲ್ಲು.
ಮೊದಲ ಸುಳ್ಳು ಅದೇ.
ಎರಡು ಸಲ ಕಿತ್ತು ನೆಟ್ಟವನು ನಾನು, ನನಗೆ ಗೊತ್ತು.

ಅಂಕೋಲೆ ದಾಟಿ, ಗಂಗಾವಳಿ ಸೇತುವೆಗೆ ಮುಂಚೆ
ಮುಂಡಿಗೆಬೇಣದ ತಿರುವು.
ಬಸ್ಸು ನಿಲ್ಲುವುದಿಲ್ಲ. ಲಾರಿಗಳು ಒಮ್ಮೆ ಹಾರ್ನ್ ಹೊಡೆಯುತ್ತವೆ,
ಕಲ್ಲಿಗಲ್ಲ, ದನಕ್ಕೆ.

ಮೊದಲ ಸಲ ಎಪ್ಪತ್ತೆಂಟರಲ್ಲಿ, ಡಾಂಬರು ಅಗಲವಾದಾಗ.
ಗ್ಯಾಂಗಿನಲ್ಲಿ ನಾನು, ಬುದವಂತ ಗೌಡ, ಎರಡು ಹಾರೆ,
ದಿನಕ್ಕೆ ಐದು ರೂಪಾಯಿ.
ಹದಿನೇಳು ಹೆಜ್ಜೆ ಮೂಡಕ್ಕೆ ಹೊತ್ತೆವು.
ಎರಡನೇ ಸಲ ಚತುಷ್ಪಥ ಬಂದಾಗ,
ನನ್ನ ನಿವೃತ್ತಿಗೆ ಎಂಟು ತಿಂಗಳಿತ್ತು.
ಜೆಸಿಬಿ ಎತ್ತಿತು, ನಾನು ಕೈ ತೋರಿಸಿದೆ,
ಇನ್ನೂ ಇಪ್ಪತ್ತೈದು.

ಮೊದಲಿನ ‘ಈ ಸ್ಥಳ’ ಈಗ ಡಿವೈಡರಿನಲ್ಲಿದೆ,
ಗುತ್ತಿಗೆದಾರ ನೆಟ್ಟ ಕಣಗಿಲೆಯ ಬುಡದಲ್ಲಿ.
ಕಿತ್ತ ದಿನ, ಯಾರೂ ನೋಡದಾಗ,
ಗುಂಡಿಯ ತಳದ ಮಣ್ಣು ಒಂದು ಚಿಟಿಕೆ ನಾಲಗೆಗಿಟ್ಟಿದ್ದೆ.
ಬರೇ ಮಣ್ಣು.

ಕಲ್ಲು ಹೇಳುವುದು ಇಷ್ಟು:
ಈ ಸ್ಥಳದಲ್ಲಿ ೧೯೩೦ರ ಏಪ್ರಿಲಿನಲ್ಲಿ
ಈ ಕೆಳಗಿನ ಮಹನೀಯರು ಉಪ್ಪು ಮಾಡಿ ಕಾನೂನು ಮುರಿದರು.
ಕೆಳಗೆ ಹನ್ನೊಂದು ಹೆಸರು.

ಅಬ್ಬೆ ಹೇಳುತ್ತಿದ್ದುದು ಬೇರೆ.
ಗಜನಿಯಲ್ಲಿ ನೀರು ಕಟ್ಟಿ ಅಂದಿಗೆ ಎರಡೇ ದಿನವಂತೆ.
ಬಿಸಿಲೇನೋ ಇತ್ತು, ಪುರಸೊತ್ತು ಇರಲಿಲ್ಲ,
ಪೊಲೀಸರು ಆಗಲೇ ತಾರಿ ದಾಟುತ್ತಿದ್ದರು.
ಮಹನೀಯರು ಬಗ್ಗಿ ಗೋರಿದರು: ಕೆಸರು.
ಮತ್ತೊಮ್ಮೆ ಗೋರಿದರು: ಕೆಸರು, ಒಂದು ಏಡಿ.

ಆಚೆ ಕಟ್ಟೆಯ ಮೇಲೆ ಗಂಜಿಗೆ ಕೂತಿದ್ದವ
ಆಗೇರರ ಬೊಮ್ಮಯ್ಯ, ನನ್ನ ಅಜ್ಜ,
ಹುಟ್ಟಿದಾಗಿನಿಂದ ಸರ್ಕಾರದ ಆಗರದಲ್ಲಿ ಉಪ್ಪು ಎಳೆದವ.
ಓದಿದವರ ಈ ಅವಸ್ಥೆ ನೋಡಲಾರದೆ ಎದ್ದ.
ತನ್ನ ಉಪ್ಪಿನ ಕರಟ ಬಗ್ಗಿಸಿ
ಅವರ ಬೊಗಸೆಗೆ ಸುರುವಿದ.

ಅಂಗಡಿಯಲ್ಲಿ ಕೊಂಡದ್ದು. ತೆರಿಗೆ ಕಟ್ಟಿದ್ದು.
ಅಷ್ಟು ವಿಧೇಯವಾದ ಉಪ್ಪು
ಆವತ್ತು ಇಡೀ ತಾಲೂಕಿನಲ್ಲಿ ಇದ್ದಿರಲಿಕ್ಕಿಲ್ಲ.

ಅದನ್ನೇ ಎತ್ತಿ ಹಿಡಿದರು, ಅದಕ್ಕೇ ಜಯಕಾರ.
ಪೊಟ್ಟಣ ಕಟ್ಟಿ ಹರಾಜು ಕೂಗಿದರು,
ಒಂದು ಚಿಟಿಕೆ ಐದು ರೂಪಾಯಿಗೆ ಹೋಯಿತಂತೆ,
ನಲವತ್ತೆಂಟು ವರ್ಷದ ಆಮೇಲೆ ನನ್ನ ಒಂದು ದಿನದ ಕೂಲಿ.

ಜೈಲು ಮಾತ್ರ ಖರೆ.
ಹಿಂಡಲಗಾ, ಆರು ತಿಂಗಳು, ಜಲ್ಲಿ ಒಡೆಯುವುದು.
ಪಟ್ಟಿಯಲ್ಲಿ ಏಳನೆಯವರು, ವೆಂಕಣ್ಣ ಮಾಸ್ತರರು,
ಹಿಂದೆ ಬಂದದ್ದು ಒಂದೇ ಕಣ್ಣಿನಲ್ಲಿ.
ಅದಕ್ಕೇ ಈ ಕತೆಯನ್ನು ನಾನು
ಧ್ವಜ ಹಾರಿಸುವ ದಿನ ಹೇಳುವುದಿಲ್ಲ.
ಹಾರಿಸುವವರು ಅವರ ಮೊಮ್ಮಗ.

ಅಜ್ಜನಿಗೆ ಆ ದಿನ ಸಪ್ಪೆ ಗಂಜಿ.
ಸಾಯುವ ತನಕ ಅದನ್ನೇ ಆಡಿದ.
ಸ್ವರಾಜ್ಯದ ಸುದ್ದಿ ಎತ್ತಿದರೆ
‘ನನ್ನ ಕರಟ ಯಾರೂ ವಾಪಸು ಕೊಡಲಿಲ್ಲ’ ಅನ್ನುತ್ತಿದ್ದ.

ಇನ್ನೊಂದಿದೆ, ಹೇಳಿಬಿಡುತ್ತೇನೆ.
ಕೆತ್ತಿದವನ ಅವಸರವೋ, ಕೊಟ್ಟ ಕೂಲಿ ಕಡಿಮೆಯೋ,
ಕಲ್ಲಿನಲ್ಲಿರುವುದು ‘ಉಪ್ಪು’ ಅಲ್ಲ,
‘ಉಪು’.
ಪ್ರತಿ ವರ್ಷ ಆಗಸ್ಟ್ ಹದಿನಾಲ್ಕರ ಸಂಜೆ
ಅಕ್ಷರಗಳಿಗೆ ಕಪ್ಪು ತುಂಬುವಾಗ
ಒತ್ತೊಂದನ್ನು ನಾನೇ ಬರೆಯುತ್ತೇನೆ, ನುಣ್ಣನೆ ಕಲ್ಲಿನ ಮೇಲೆ.
ಕೆತ್ತಿದ್ದಕ್ಕೆ ಹಿಡಿದ ಬಣ್ಣ ನಿಲ್ಲುತ್ತದೆ.
ಇದು ಮುಂದಿನ ಮಳೆಗಾಲದ ಮೊದಲ ಹದಿನೈದು ದಿನಕ್ಕೇ ಎದ್ದು ಹೋಗುತ್ತದೆ.
ಇಲಾಖೆ ಬಿಟ್ಟರೂ ಈ ಕೆಲಸ ಬಿಟ್ಟಿಲ್ಲ.

ಹೋದ ಜುಲೈನಲ್ಲಿ ಶಾಲೆಯ ಒಬ್ಬಳು,
ಸುಕ್ರುವಿನ ಮೊಮ್ಮಗಳಿರಬೇಕು,
ಟೆಂಪೊಗೆ ಕಾಯುತ್ತ ಬೆರಳಿಟ್ಟು ಓದಿದಳು.
‘ಅಜ್ಜಾ, ಇಲ್ಲಿ ಒತ್ತು ಬಿದ್ದುಹೋಗಿದೆ.’
‘ಬಿದ್ದದ್ದಲ್ಲ ಮಗಾ, ಇರಲೇ ಇಲ್ಲ.
ನಾವು ಹಾಕಿಕೊಳ್ಳುವುದು.’

ಏನು ತಿಳಿಯಿತೋ. ಬಗ್ಗಿ,
ಚರಂಡಿಯ ಕೆಂಪು ಕೆಸರಿನಲ್ಲಿ ಬೆರಳದ್ದಿ
ಪಕಾರದ ಕೆಳಗೆ ಒಂದು ಎಳೆದಳು.
ಟೆಂಪೊ ಬಂತು, ಓಡಿ ಹತ್ತಿದಳು.

ಆ ಮಳೆಗೆ ಅದು ಐದು ನಿಮಿಷ ನಿಂತಿತು.
ಕೊಡೆ ಕಲ್ಲಿನ ಕಡೆ ವಾಲಿಸಿ
ನಾನೂ ನಿಂತಿದ್ದೆ.