ಜೋಡಿ ಅಂದಿದ್ದ

ಕುರ್ಲಾದ ಮುನೀರ್‌ಭಾಯಿ ಆಣೆ ಹಾಕಿದ್ದ:
ದೊಡ್ಡದು ಗಂಡು, ಚಿಕ್ಕದು ಹೆಣ್ಣು, ಪಕ್ಕಾ ಜೋಡಿ.
ಆರುನೂರರಲ್ಲಿ ಐವತ್ತು ಬಿಟ್ಟು
ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬಿ
ರಬ್ಬರ್ ಬ್ಯಾಂಡು ಎರಡು ಸುತ್ತು ಹೆಚ್ಚೇ ಸುತ್ತಿದ್ದ.

ಕಿರುಬೆರಳಿನಷ್ಟೂ ಇಲ್ಲದ ಮೀನು.
ಎಪಿಸ್ಟೋ ಎನ್ನಲು ನಾಲಿಗೆ ಹೊರಳದೆ
ದೊಡ್ಡದಕ್ಕೆ ‘ಯಜಮಾನರು’ ಎಂದು ಹೆಸರಿಟ್ಟೆ.
ಯಜಮಾನರು ಉಂಡರಾ? ಯಜಮಾನರಿಗೆ ಇವತ್ತು ಮುನಿಸಾ?
ನನ್ನವರು ಪೇಪರಿನಿಂದ ತಲೆ ಎತ್ತಿ
ಮತ್ತೆ ತಗ್ಗಿಸುತ್ತಿದ್ದರು.

ಡೊಂಬಿವಲಿಯ ಈ ಮನೆಗೆ ಒಂದೇ ಅಡಿಗೆಕೋಣೆ, ಒಲೆ ಎರಡು.
ಕಿಟಕಿ ಕಡೆಯದು ನನ್ನದು,
ಬಾಗಿಲ ಕಡೆಯದು ಗುಲಾಬಿಯದು, ನನ್ನ ಓರಗಿತ್ತಿ.
ನಡುವೆ ಗೆರೆ ಯಾರೂ ಎಳೆದಿಲ್ಲ;
ಹನ್ನೊಂದು ವರ್ಷದಿಂದ ಅವಳ ಉಪ್ಪಿನ ಭರಣಿ
ಅದನ್ನು ದಾಟಿಲ್ಲ.
ತೊಟ್ಟಿ ಇಟ್ಟದ್ದು ಫ್ರಿಜ್ಜಿನ ಪಕ್ಕ, ಹಳೆಯ ಹೊಲಿಗೆ ಮೇಜಿನ ಮೇಲೆ.
ಅದು ಯಾರ ಕಡೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಸ್ಟೇಷನ್ ರಸ್ತೆಯ ಬಾದಾಮಿ ಮರದಡಿ
ಒಣ ಎಲೆ ಆಯ್ದು ತಂದು, ತೊಳೆದು, ನೀರಿಗೆ ಬಿಟ್ಟೆ.
ಎರಡೇ ದಿನಕ್ಕೆ ನೀರು ಹಾಲಿಲ್ಲದ ಚಹಾ.
“ಸೋಸಿ ಕೊಡು, ಸಕ್ಕರೆ ನಾನೇ ಹಾಕ್ಕೊಳ್ತೇನೆ”
ಎಂದಳು ಗುಲಾಬಿ,
ಬಹಳ ದಿನಗಳ ಮೇಲೆ ಒಂದು ಮಾತು.

ಆಮೇಲೊಂದು ಬೆಳಿಗ್ಗೆ
ಚಿಕ್ಕದು ಅರಿಸಿನ ಮಿಂದವಳ ಹಾಗೆ ಹಳದಿ,
ಕಣ್ಣಿಗೆ ಅಡ್ಡಲಾಗಿ ಕಾಡಿಗೆಯ ಗೆರೆ.
ತೆಂಗಿನ ಚಿಪ್ಪಿನೊಳಗೆ, ಸೂರಿಗೆ ಅಂಟಿಸಿದ
ಕೆಂಪು ಸಾಸಿವೆಯಂಥ ಮೊಟ್ಟೆಗಳಿಗೆ
ತಲೆಕೆಳಗಾಗಿ ನಿಂತು ರೆಕ್ಕೆ ಬೀಸುತ್ತಿದ್ದಳು.
ಸಂಭ್ರಮಕ್ಕೆ ಶಿರಾ ಮಾಡಿದೆ.

ಮೂರನೆಯ ದಿನ ಯಜಮಾನರೂ ಹಳದಿ.
ಕಿವಿ ಮುರಿದ ಕಪ್ಪಿನೊಳಗೆ ಯಜಮಾನರದೂ ಮೊಟ್ಟೆ.

ನಕ್ಕು ನಕ್ಕು ನೆಲಕ್ಕೆ ಕೂತೆ.
ಗುಲಾಬಿ ಸೌಟು ಹಿಡಿದೇ ಬಂದು ಗಾಜಿಗೆ ಮೂಗು ಒತ್ತಿದಳು.
ಚಿಪ್ಪಿಗೂ ಕಪ್ಪಿಗೂ ನಡುವೆ
ಬಾಯಲ್ಲಿ ಮರಳು ಹೊತ್ತು ಕಟ್ಟಿದ ದಿಬ್ಬ,
ಆಚೆ ಒಬ್ಬಳು, ಈಚೆ ಒಬ್ಬಳು, ಕಿವಿರು ಉಬ್ಬಿಸಿ.
“ಇದರಲ್ಲಿ ಹಿರಿಯಳು ಯಾರು?”
ನಾನು ಉತ್ತರ ಕೊಡಲಿಲ್ಲ.

ಗಂಡಿಲ್ಲದ ಮೊಟ್ಟೆ. ನಮಗೆ ಗೊತ್ತು, ಅವಕ್ಕೆ ಗೊತ್ತಿಲ್ಲ.
ಒಂದೊಂದೇ ಬೆಳ್ಳಗಾಗಿ, ಬೂಷ್ಟು ಹಿಡಿದು, ಹತ್ತಿಯಾಗಿ,
ಆದರೂ ಬೀಸುತ್ತಲೇ ಇದ್ದವು.
ರಾತ್ರಿ ನೀರು ಕುಡಿಯಲು ಎದ್ದರೆ
ಕತ್ತಲಲ್ಲಿ ಗುಲಾಬಿ, ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ,
ಮೊಬೈಲ್ ಟಾರ್ಚಿಗೆ ಅಂಗೈ ಅಡ್ಡ ಹಿಡಿದು;
ಬೆರಳಸಂದಿಯೆಲ್ಲ ಕೆಂಪು.
“ಹೇಳಿಬಿಡು ಮಾರಾಯ್ತಿ ಅವಕ್ಕೆ” ಎಂದಳು.
ಏನು ಹೇಳುವುದು, ಯಾವ ಭಾಷೆಯಲ್ಲಿ.

ಬೆಳಗಾಗುವಾಗ ತಾವೇ ತಿಂದು ಮುಗಿಸಿದ್ದವು.
ಅರಿಸಿನ ಇಳಿದು ಬೂದಿಬಣ್ಣ.
ದಿಬ್ಬ ಹಾಗೇ ಇತ್ತು; ಕಾಯುವವರಿರಲಿಲ್ಲ.

ಭಾನುವಾರ ಕುರ್ಲಾಕ್ಕೆ ಹೊರಟರೆ
ಗುಲಾಬಿ ಚಪ್ಪಲಿ ಹಾಕಿ ಬಾಗಿಲಲ್ಲಿ.
ಮುನೀರ್‌ಭಾಯಿ ಮತ್ತೆ ಆಣೆ ಹಾಕಿದ, ಈ ಸಲ ತಾಯಾಣೆ.
ವಾಪಸು ಬರುವಾಗ ಲೇಡೀಸ್ ಡಬ್ಬಿಯ ನೂಕಾಟದಲ್ಲಿ
ಚೀಲ ಅವಳ ಮಡಿಲಿನಲ್ಲಿ, ಸೆರಗಿನಡಿ,
ಮಲಗಿದ ಕೂಸಿನಂತೆ ಅಲ್ಲ,
ಚೆಲ್ಲಬಾರದ ಸಾರಿನಂತೆ.

ಥಾಣೆ ದಾಟಿದ ಮೇಲೆ ಸೆರಗು ಸರಿಸಿ ಇಣುಕಿದಳು.
“ಇದು ಗಂಡೇ ಅಂತೀಯಾ?”
“ಬಾಲ ಉದ್ದ ಇದೆ.”
“ಯಜಮಾನರದೂ ಉದ್ದ ಇತ್ತು.”