ಮೂರನೇ ಪಟ್ಟಿ

ಬನಹಟ್ಟಿ ಶಾಖೆಯ ಬೋರ್ಡು ಮತ್ತ ಬದಲಾಗೇತಿ.
ಹಳೇ ಹೆಸರಿನ ಅಕ್ಷರ ಕಿತ್ತ ಜಾಗದಾಗ
ಗ್ವಾಡಿ ಇನ್ನೂ ಬೆಳ್ಳಗೈತಿ.

ಬ್ಯಾಂಕು ಬ್ಯಾಂಕಿನ್ಯಾಗ ಕೂಡಿತು, ಸಾಲ ಹಂಗ ಉಳೀತು.
ಮೊದಲ ಎಂಬತ್ನಾಕು ಕಂತು ಅಂದಿದ್ರು,
ಆಮ್ಯಾಲ ನೂರಾ ಎಂಟು,
‘ಜಪಮಾಲಿ ಇದ್ದಂಗ’ ಅಂತ ನಕ್ಕಿದ್ದ ಕ್ಲಾರ್ಕು.
ಇವತ್ತ ನೂರಾ ನಲವತ್ತು.
‘ಕಂತು ಸಣ್ಣದಾತಲ್ರಿ ಮೇಡಂ?’
ಆತು.
ತೀರೂ ದಿನ ನನಗ ಮೂವತ್ತೊಂಬತ್ತು.

ದಂತವೈದ್ಯೆ ನಾನು.
ಎಂಥಾ ಬಾಯಾಗೂ ಮೂವತ್ತೆರಡ ದಾಟಂಗಿಲ್ಲ, ಎಣಿಸಿ ಮುಗಸಬಹುದು.
ಮಂದಿಯ ಕ್ಲಿನಿಕ್ಕಿನ್ಯಾಗ ಹದಿನಾಕು ಸಾವಿರಕ್ಕ
ಮಂದಿಯ ಹುಳುಕು ತುಂಬತೀನಿ,
ಐದನೇ ತಾರೀಖಿನ ಮೆಸೇಜು ಬಂದಾಗ
ನನ್ನವ ಕಚ್ಚಿ ಹಿಡೀತೀನಿ.

ಜಾಮೀನಿಗೆ ಸಹಿ ಹಾಕಿದಾಕಿ ಗುರುಬಸವ್ವ ಚಿಗವ್ವ.
ಕಂಡಿಕಿ ಸುತ್ತೂ ಕೈ ನಿಲ್ಲಸದ
ಪಟ್ಟಿ ಓದಿಸಿ ಕೇಳಿದಳು, ಎರಡು ಸಲ.
‘ಎಳಿ ಹರದ್ರ ನಾವೂ ಗಂಟ ಹಾಕ್ತೀವಿ.
ಹಾಸು ಉದ್ದ ಆಗೂದು ಎಲ್ಲೂ ನೋಡಿಲ್ಲ ನೋಡವ್ವಾ.’

ಆಕೀ ದವಡಿ ಹಲ್ಲು ಅಲ್ಲಾಡ್ತೈತಿ, ಗಲ್ಲ ಬಾತೈತಿ.
ಬಾ, ನಾನ ತಗೀತೀನಿ, ರೊಕ್ಕ ಬ್ಯಾಡ ಅಂದೆ.
ಲಾಳಿಯ ಸಪ್ಪಳದಾಗ ಅರ್ಧ ಕೇಳಿಸ್ತು:
ಮುಂದಿನ ತಿಂಗಳು.